ಹೆಬ್ಬಾತುಗಳು ಹೊರಟ ದಿನವನ್ನು ಬರೆದಿಡುವವರು ಯಾರು?

ಕರ್ನಾಟಕದ ಕೆರೆಗಳ ಹೊಣೆ ಹೊತ್ತಿರುವ ಅರಣ್ಯ, ಸಣ್ಣ ನೀರಾವರಿ, ಮೀನುಗಾರಿಕೆ ಹಾಗೂ ಪಂಚಾಯತ್ ರಾಜ್ ಇಲಾಖೆಗಳ ಮಾನ್ಯ ಅಧಿಕಾರಿಗಳಿಗೆ,

ವಿಷಯ: ವಲಸೆ ಹಕ್ಕಿಗಳು ವಸಂತದಲ್ಲಿ ಮರಳಿ ಹೊರಡುವ ದಿನಗಳನ್ನು ಕೆರೆವಾರು ದಾಖಲಿಸುವ ಬಗ್ಗೆ ಮತ್ತು ಅವು ಹೊರಡುವವರೆಗೆ ಕೆರೆ ಕಾಮಗಾರಿ ತಡೆಹಿಡಿಯುವ ಬಗ್ಗೆ.

ಮಾನ್ಯರೇ,

ನಾನು ಗದಗ ಜಿಲ್ಲೆಯ ಒಬ್ಬ ರೈತ ಮಹಿಳೆ. ನಮ್ಮ ನಾಲ್ಕು ಎಕರೆ ಹೊಲದ ಒಂದು ಬದು ಊರ ಕೆರೆಯ ಹಿನ್ನೀರಿಗೆ ತಾಗಿಕೊಂಡಿದೆ. ಕೆರೆ ತುಂಬಿದ ವರ್ಷ, ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಹಗಲೆಲ್ಲ ನೀರಿನಲ್ಲಿ, ದಂಡೆಯ ಕೆಸರಿನಲ್ಲಿ ಕೂತು, ಸಂಜೆಗತ್ತಲಾಗುತ್ತಿದ್ದಂತೆ ಹೊಲಗಳಿಗೆ ಹಾರಿ ಮೇಯುತ್ತವೆ. ಬೆಳಗಾಗುವಷ್ಟರಲ್ಲಿ ಮತ್ತೆ ಕೆರೆಗೆ ಮರಳುತ್ತವೆ. ಊರಲ್ಲಿ ಇವನ್ನು ಬಾತುಕೋಳಿ ಎಂದೇ ಕರೆಯುವವರು ಹೆಚ್ಚು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ತುದಿ ಕಪ್ಪಾದ ಹಳದಿ ಕೊಕ್ಕು, ಬೂದು ಮೈ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಈ ಪತ್ರ ಅವುಗಳ ಬರವಿನ ಬಗ್ಗೆ ಅಲ್ಲ, ಹೊರಡುವಿಕೆಯ ಬಗ್ಗೆ. ಅವು ಬಂದಾಗ ಎಲ್ಲರಿಗೂ ಸಂಭ್ರಮ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ, ಶಾಲೆಯ ಮಕ್ಕಳನ್ನು ಕರೆತಂದು ತೋರಿಸುತ್ತಾರೆ, ಜನವರಿಯಲ್ಲಿ ಒಮ್ಮೆ ಎಣಿಕೆಯೂ ನಡೆಯುತ್ತದೆ. ಫೆಬ್ರುವರಿ ಬಂತೆಂದರೆ ಕೆರೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅವು ಯಾವ ದಿನ ಹೋದವು, ಒಟ್ಟಿಗೆ ಹೋದವೋ ಗುಂಪುಗುಂಪಾಗಿ ಹೋದವೋ, ತಾವಾಗಿಯೇ ಹೋದವೋ ಯಾರಾದರೂ ಎಬ್ಬಿಸಿ ಕಳಿಸಿದರೋ ಎಂಬುದು ಯಾವ ಕಚೇರಿಯ ಕಡತದಲ್ಲೂ ಇಲ್ಲ. ಇದರಿಂದ ಆಗಿರುವ ಅನ್ಯಾಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಫೆಬ್ರುವರಿಯ ಕೊನೆಯ ವಾರ. ಕಡಲೆ ಕಿತ್ತು ಕಣಕ್ಕೆ ಹಾಕಿದ್ದೆವು. ಬೆಳಗಿನ ಜಾವ ಹೊಲಕ್ಕೆ ಹೋದಾಗ ಕೆರೆಯ ಏರಿಯ ಮೇಲೆ ಎರಡು ಜೆಸಿಬಿಗಳು, ಆರೇಳು ಟಿಪ್ಪರ್‌ಗಳು ನಿಂತಿದ್ದವು. ಸೂರ್ಯ ಮೇಲೇರುವ ಮೊದಲೇ ಒಂದು ಜೆಸಿಬಿ ಕೆರೆಯ ಒಣಗಿದ ಅಂಚಿನಿಂದ ಒಳಗಿಳಿಯಿತು. ಆ ಹೊತ್ತಿಗೆ ಹೆಬ್ಬಾತುಗಳು ಹೊಲಗಳಿಂದ ಮರಳುತ್ತಿದ್ದವು. ಎಂದಿನಂತೆ ಸಾಲುಗಟ್ಟಿ ಬಂದವು, ರೆಕ್ಕೆ ಬಾಗಿಸಿ ಇಳಿಯಲು ನೋಡಿದವು, ಕೆಳಗೆ ಗುಡುಗುವ ಯಂತ್ರ ಕಂಡು ಮತ್ತೆ ಮೇಲೆದ್ದವು. ಹೀಗೆ ಮೂರು ಸಲ. ಕೊನೆಗೆ ಆಳದ ನೀರು ಉಳಿದಿದ್ದ ತೂಬಿನ ಬಳಿ ಇಳಿದವು. ಅಲ್ಲಿ ಮೀನಿನ ಬಲೆ ಹರವಿದ್ದರು. ತೆಪ್ಪ ಹತ್ತಿರ ಬಂದಾಗ ಅಲ್ಲಿಂದಲೂ ಎದ್ದವು. ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ಬಿಸಿಲೇರುವವರೆಗೆ ಅವು ಆಕಾಶದಲ್ಲೇ ಸುತ್ತುತ್ತಿದ್ದವು. ನಮ್ಮ ಹೊಲದ ಮೇಲೆ ಹಾದು ಹೋಗುವಾಗ ರೆಕ್ಕೆಯ ಸದ್ದು ಕೇಳಿಸುವಷ್ಟು ಕೆಳಗೆ ಬರುತ್ತಿದ್ದವು. ರಾತ್ರಿಯಿಡೀ ಮೇಯ್ದು ಬಂದು ಹಗಲು ವಿಶ್ರಮಿಸಬೇಕಾದ ಹಕ್ಕಿಗಳು ಅವು.

ನಾನು ಅಂದೇ ಅರ್ಜಿ ಬರೆದು ಸಂಬಂಧಪಟ್ಟ ಕಚೇರಿಗೆ ಕೊಟ್ಟೆ. ಆ ಕಚೇರಿ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಒಬ್ಬ ಅಧಿಕಾರಿಯನ್ನು ಕಟಕಟೆಗೆ ತರುವುದು ನನ್ನ ಉದ್ದೇಶವಲ್ಲ. ಇನ್ನೊಂದು ಊರಿನ ಇನ್ನೊಂದು ಕಚೇರಿಯಲ್ಲೂ ಇದೇ ಉತ್ತರ ಬರುತ್ತಿತ್ತು ಎಂದು ನನಗೆ ಗೊತ್ತಿದೆ. ಕೆಲವು ದಿನಗಳ ನಂತರ ಬಂದ ಉತ್ತರದಲ್ಲಿ ಹೀಗಿತ್ತು: ವಲಸೆ ಹಕ್ಕಿಗಳು ಈಗಾಗಲೇ ಮರಳಿರುವುದರಿಂದ ಹೂಳೆತ್ತುವ ಕಾಮಗಾರಿಗೆ ಅಡ್ಡಿಯಿಲ್ಲ.

ಆ ಕಾಗದ ಕೈಗೆ ಬಂದ ಬೆಳಿಗ್ಗೆಯೂ ಹೆಬ್ಬಾತುಗಳು ಕೆರೆಯಲ್ಲಿದ್ದವು. ಕಡಿಮೆಯಾಗಿದ್ದವು, ಚದುರಿದ್ದವು, ಆದರೆ ಇದ್ದವು. ನಾನು ಕಚೇರಿಗೆ ಹೋಗಿ ಕೇಳಿದೆ: "ಹೋದವೆಂದು ಯಾರು ನೋಡಿದರು? ಯಾವ ದಿನ ನೋಡಿದರು?" ಉತ್ತರವಿರಲಿಲ್ಲ. "ಇದ್ದವೆಂದು ನಿಮ್ಮ ಬಳಿ ದಾಖಲೆ ಇದೆಯೇನಮ್ಮಾ?" ಎಂದು ತಿರುಗಿ ಕೇಳಿದರು. ದನಿಯಲ್ಲಿ ಒರಟುತನ ಇರಲಿಲ್ಲ. ಅವರ ಬಳಿ ದಾಖಲೆ ಇರಲಿಲ್ಲ, ನನ್ನ ಬಳಿಯೂ ಅವರು ಒಪ್ಪುವಂಥದ್ದು ಇರಲಿಲ್ಲ. ದಾಖಲೆ ಇಲ್ಲದ ಕಡೆ ಮೊಹರು ಯಾರ ಕೈಯಲ್ಲಿದೆಯೋ ಅವರ ಮಾತೇ ನಿಲ್ಲುತ್ತದೆ.

ಅಂದು ಮನೆಗೆ ಬಂದು ನಮ್ಮ ಮಾವನವರ ಲೆಕ್ಕದ ಪುಸ್ತಕ ತೆಗೆದೆ. ಅಡತಿ ಅಂಗಡಿಯವರು ದೀಪಾವಳಿಗೆ ಕೊಡುತ್ತಿದ್ದ ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಕಡಲೆ ಕೀಳಿದ ಕೂಲಿ, ಶೇಂಗಾ ಬೀಜದ ದರ, ಎತ್ತಿನ ಔಷಧಿ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಹಕ್ಕಿ ಇಂದು ಕಾಣಲಿಲ್ಲ". ಅವರಿಗೆ ಹಕ್ಕಿಗಳ ಬಗ್ಗೆ ಓದು ಇರಲಿಲ್ಲ. ಹೆಬ್ಬಾತು ಹೋದರೆ ಕಾವಲು ಮುಗಿಯಿತು, ರಾತ್ರಿ ಹೊಲದಲ್ಲಿ ಮಲಗುವ ಅಗತ್ಯವಿಲ್ಲ ಎಂಬ ಲೆಕ್ಕಕ್ಕಾಗಿ ಬರೆದುಕೊಳ್ಳುತ್ತಿದ್ದರು. ನಾನು ಮದುವೆಯಾಗಿ ಈ ಮನೆಗೆ ಬಂದ ಕೆಲವು ವರ್ಷಗಳ ನಂತರ ಅವರ ಕಣ್ಣು ಮಂಜಾಯಿತು. ಬರೆಯುವ ಕೆಲಸ ನನಗೆ ಬಂತು. "ಹೋಳಿ ಹುಣ್ಣಿಮೆಯ ಬೆಳದಿಂಗಳಲ್ಲಿ ಹೋಗುತ್ತವೆ" ಎಂಬುದು ಅವರ ನಂಬಿಕೆ. ಊರಿನ ಹಿರಿಯರೆಲ್ಲರೂ ಹಾಗೆಯೇ ಹೇಳುತ್ತಾರೆ.

ಆ ಪುಸ್ತಕದಲ್ಲಿ ಒಂದು ತೊಡಕು ಇದೆ. ಅದನ್ನು ಬಿಡಿಸಲು ನನಗೆ ಒಂದು ಬೇಸಿಗೆಯೇ ಹಿಡಿಯಿತು. ಮಾವನವರು ತಿಥಿಯ ಲೆಕ್ಕದಲ್ಲಿ ಬರೆಯುತ್ತಿದ್ದರು: ಹೋಳಿಗೆ ಐದು ದಿನ ಮೊದಲು, ಯುಗಾದಿಯ ಹಿಂದಿನ ದಿನ, ಹೀಗೆ. ಆದರೆ ಯುಗಾದಿ 2023ರಲ್ಲಿ ಮಾರ್ಚ್ 22ಕ್ಕೆ ಬಂತು, ಮರುವರ್ಷ ಏಪ್ರಿಲ್ 9ಕ್ಕೆ. ನಡುವೆ ಹದಿನೆಂಟು ದಿನಗಳ ಅಂತರ. ಹಬ್ಬದ ಲೆಕ್ಕದಲ್ಲಿ "ಯುಗಾದಿಗೆ ಹೋದವು" ಎಂದರೆ ಎರಡೂ ವರ್ಷ ಒಂದೇ ಕಾಲಕ್ಕೆ ಹೋದಂತೆ ಕೇಳಿಸುತ್ತದೆ. ಸೂರ್ಯನ ಲೆಕ್ಕದಲ್ಲಿ ನೋಡಿದರೆ ಒಂದು ವರ್ಷ ಎರಡೂವರೆ ವಾರ ತಡವಾಗಿ ಹೊರಟಂತೆ. ಪಂಚಾಂಗ ಇಟ್ಟುಕೊಂಡು ಒಂದೊಂದು ತಿಥಿಯನ್ನೂ ತಾರೀಖಿಗೆ ತಿರುಗಿಸುತ್ತಾ ಹೋದಾಗ ಹಿರಿಯರ ನೆನಪು ಎಷ್ಟು ಅಮೂಲ್ಯವೋ ಅಷ್ಟೇ ಜಾರುವಂಥದ್ದು ಎಂದು ತಿಳಿಯಿತು. "ಮೊದಲೆಲ್ಲ ಇನ್ನೂ ತಡವಾಗಿ ಹೋಗುತ್ತಿದ್ದವು" ಎಂಬ ಮಾತನ್ನು ಕೆರೆಕಟ್ಟೆಯ ಮೇಲೆ ಎಷ್ಟೋ ಸಲ ಕೇಳಿದ್ದೇನೆ. ನಿಜವೋ ಸುಳ್ಳೋ ಹೇಳಬೇಕಾದರೆ ತಾರೀಖು ಬೇಕು, ಸಾಲಾಗಿ ಹಲವು ವರ್ಷಗಳ ತಾರೀಖು ಬೇಕು.

ಹೊರಡುವ ದಿನಕ್ಕೆ ಇಷ್ಟು ಮಹತ್ವ ಯಾಕೆ ಎಂದು ತಾವು ಕೇಳಬಹುದು. ಇವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಪ್ರಸ್ಥಭೂಮಿ, ಚೀನಾದ ಚಿಂಗ್‌ಹಾಯ್ ಸರೋವರ, ಕಿರ್ಗಿಸ್ತಾನಗಳಲ್ಲಿ. ನಮ್ಮದೇ ಲಡಾಖಿನ ತ್ಸೋ ಮೊರಿರಿಯ ದಂಡೆಯಲ್ಲೂ. ಅಲ್ಲಿ ಬೇಸಿಗೆ ಚಿಕ್ಕದು. ಬೇಗ ತಲುಪಿದರೆ ಸರೋವರ ಇನ್ನೂ ಹೆಪ್ಪುಗಟ್ಟಿರುತ್ತದೆ, ಮೇವಿರುವುದಿಲ್ಲ. ತಡವಾದರೆ ಒಳ್ಳೆಯ ಗೂಡುತಾಣ ಬೇರೆಯವರ ಪಾಲಾಗಿರುತ್ತದೆ, ಮರಿಗಳು ಬಲಿಯುವ ಮೊದಲೇ ಚಳಿ ಹಿಡಿಯುತ್ತದೆ. ಆ ಸರೋವರದಲ್ಲಿ ಮಂಜು ಯಾವಾಗ ಕರಗುತ್ತದೆಂದು ನಮ್ಮ ಕೆರೆಯಲ್ಲಿ ಕೂತ ಹಕ್ಕಿಗೆ ತಿಳಿಯಲು ದಾರಿಯಿಲ್ಲ. ಅದಕ್ಕಿರುವ ಮುಖ್ಯ ಸೂಚನೆ ಹಗಲಿನ ಉದ್ದ. ನಮ್ಮ ಭಾಗದಲ್ಲಿ ಡಿಸೆಂಬರ್ ಕೊನೆಗೂ ಮಾರ್ಚ್ ಕೊನೆಗೂ ಹಗಲು ಬೆಳೆಯುವುದು ಸುಮಾರು ಒಂದು ಗಂಟೆ ಮಾತ್ರ. ಅಷ್ಟು ಚಿಕ್ಕ ಬದಲಾವಣೆ ಅವುಗಳ ಮೈಯನ್ನು ಎಚ್ಚರಿಸುತ್ತದೆ. ಹಸಿವು ಹೆಚ್ಚುತ್ತದೆ. ಹೊರಡುವ ಮುಂಚಿನ ಆ ಕೆಲವು ವಾರಗಳಲ್ಲಿ ತಿಂದದ್ದೇ ಕೊಬ್ಬಾಗಿ, ದಾರಿಯ ಬುತ್ತಿಯಾಗುತ್ತದೆ.

ಬುತ್ತಿಯ ತೂಕ ಎಷ್ಟೆಂದು ಅರಿಯಲು ಆ ದಾರಿಯನ್ನೇ ನೋಡಬೇಕು. ಎರಡು ಮೂರು ಕಿಲೋ ತೂಗುವ ಹಕ್ಕಿ ಹಿಮಾಲಯವನ್ನು ದಾಟುತ್ತದೆ. ಮೈಗೆ ಉಪಗ್ರಹ ಸಾಧನ ಕಟ್ಟಿ ನಡೆಸಿದ ಅಧ್ಯಯನಗಳಲ್ಲಿ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ವಸಂತದ ಪಯಣದಲ್ಲಿ ಬಯಲಿನಿಂದ ಪರ್ವತದ ತಲೆಯವರೆಗೆ ಏಳೆಂಟು ಗಂಟೆಗಳಲ್ಲಿ ಏರಿಬಿಡುತ್ತವೆ. ಗಾಳಿಯ ಒತ್ತಾಸೆಗೆ ಕಾಯದೆ, ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವ, ಗಾಳಿ ತಣ್ಣಗಿದ್ದು ಸಾಂದ್ರವಾಗಿರುವ ಹೊತ್ತಿನಲ್ಲಿ ರೆಕ್ಕೆ ಬಡಿಯುತ್ತಲೇ ಏರುತ್ತವೆ. ಪ್ರಾಣವಾಯು ವಿರಳವಾದ ಆ ಎತ್ತರದಲ್ಲಿ ಅವುಗಳ ರಕ್ತ ಬೇರೆ ಹೆಬ್ಬಾತುಗಳ ರಕ್ತಕ್ಕಿಂತ ಚೆನ್ನಾಗಿ ಪ್ರಾಣವಾಯುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಏರುವಿಕೆಯ ಶಕ್ತಿ ನಮ್ಮ ಕಡಲೆ ಹೊಲದಲ್ಲಿ, ನಮ್ಮ ಕೆರೆಯ ದಂಡೆಯ ಹುಲ್ಲಿನಲ್ಲಿ ಕೂಡಲಾರಂಭಿಸುತ್ತದೆ. ಫೆಬ್ರುವರಿ ಕೊನೆಯಲ್ಲಿ ಮೂರು ಗಂಟೆ ಸುಮ್ಮನೆ ಆಕಾಶದಲ್ಲಿ ಸುತ್ತಿಸಿದರೆ ನಾವು ಕಳೆಯುವುದು ಆ ಬುತ್ತಿಯನ್ನು.

ಜೆಸಿಬಿ ಅದೇ ವಾರಗಳಲ್ಲಿ ಕೆರೆಗೆ ಇಳಿಯುವುದು ಆಕಸ್ಮಿಕವಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಅಷ್ಟರೊಳಗೆ ಕೆಲಸ ತೋರಿಸಿ ಬಿಲ್ಲು ಮಾಡದಿದ್ದರೆ ಬಂದ ಅನುದಾನ ಹಿಂದಕ್ಕೆ ಹೋಗುತ್ತದೆ ಎಂಬ ಭಯ ಪ್ರತಿ ಕಚೇರಿಯಲ್ಲೂ ಇದೆ. ಅದಕ್ಕೇ ವರ್ಷವಿಡೀ ಆಗದ ಹೂಳೆತ್ತುವಿಕೆ, ಏರಿ ಸವರುವಿಕೆ, ಕಲ್ಲು ಜೋಡಣೆ ಎಲ್ಲವೂ ಫೆಬ್ರುವರಿ ಮಾರ್ಚ್‌ನಲ್ಲಿ ಒಮ್ಮೆಲೇ ಶುರುವಾಗುತ್ತವೆ. ಹಕ್ಕಿಗೆ ನಮ್ಮ ಆಯವ್ಯಯ ಗೊತ್ತಿಲ್ಲ. ಅದರ ಅತ್ಯಂತ ನಾಜೂಕಾದ ನಾಲ್ಕು ವಾರಗಳೂ ನಮ್ಮ ಅತ್ಯಂತ ಅವಸರದ ನಾಲ್ಕು ವಾರಗಳೂ ಒಂದರ ಮೇಲೊಂದು ಬಂದು ಕೂತಿವೆ.

ನಾನು ಹೂಳೆತ್ತುವುದಕ್ಕೆ ವಿರೋಧಿಯಲ್ಲ. ಕೆರೆಯ ಹೂಳು ನಮ್ಮ ಹೊಲಕ್ಕೂ ಬಿದ್ದಿದೆ, ಆ ವರ್ಷದ ಶೇಂಗಾ ಬೆಳೆಯ ಬಣ್ಣವೇ ಬೇರೆ ಇತ್ತು. ಹೂಳು ತೆಗೆಯದಿದ್ದರೆ ಕೆರೆ ಉಳಿಯುವುದಿಲ್ಲ, ಕೆರೆ ಉಳಿಯದಿದ್ದರೆ ಹಕ್ಕಿ ಎಲ್ಲಿಂದ ಬರಬೇಕು? ಮಳೆ ಹಿಡಿಯುವುದು ಜೂನ್‌ನಲ್ಲಿ. ಏಪ್ರಿಲ್ ಮತ್ತು ಮೇ ಪೂರ್ತಿ ಕೈಯಲ್ಲಿರುತ್ತವೆ. ಕೆರೆಯೂ ಆಗ ಇನ್ನಷ್ಟು ಒಣಗಿ ಯಂತ್ರಗಳು ಸಲೀಸಾಗಿ ಇಳಿಯುತ್ತವೆ. ನಾನು ಕೇಳುತ್ತಿರುವುದು ಕೆಲವು ವಾರಗಳ ತಾಳ್ಮೆ ಮಾತ್ರ. ಬೆಳೆ ನಷ್ಟದ ಮಾತನ್ನೂ ಮುಚ್ಚಿಡುವುದಿಲ್ಲ. ಹೆಬ್ಬಾತುಗಳು ಎಳೆಯ ಕಡಲೆ ಗಿಡವನ್ನು ಕತ್ತರಿಸಿದಂತೆ ಮೇಯುತ್ತವೆ. ಊರಲ್ಲಿ ಅವುಗಳ ಮೇಲೆ ಸಿಟ್ಟಿರುವ ರೈತರಿದ್ದಾರೆ, ಅವರ ಸಿಟ್ಟಿಗೆ ಕಾರಣವಿದೆ. ಆದರೂ ಒಬ್ಬರೂ ಬಲೆ ಹಾಕಿಲ್ಲ, ವಿಷ ಇಟ್ಟಿಲ್ಲ. ಡಬ್ಬಿ ಬಡಿದು ಓಡಿಸುತ್ತಾರೆ, ಅಷ್ಟೇ. ಇಷ್ಟು ತಡೆದುಕೊಂಡ ಊರಿನ ಮುಂದೆ ಸರ್ಕಾರ ತಾನು ತಡೆದುಕೊಳ್ಳಲಾರೆ ಎನ್ನಬಾರದು.

ಈಗ ನಡೆಯುತ್ತಿರುವ ಎಣಿಕೆಗಳ ಬಗ್ಗೆ ನನಗೆ ಗೌರವವಿದೆ. ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆದುಕೊಂಡು ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ 2007ರಲ್ಲಿ ಮೈಗ್ರಂಟ್‌ವಾಚ್ ಎಂಬ ಯೋಜನೆ ಆರಂಭವಾಗಿ, ವಲಸೆ ಹಕ್ಕಿ ಮೊದಲು ಕಂಡ ದಿನವನ್ನು ದೇಶದ ಮೂಲೆಮೂಲೆಯಿಂದ ಜನರೇ ಬರೆದು ಕಳಿಸುವ ವ್ಯವಸ್ಥೆಯಾಯಿತು. ಈಗ ಆ ಕೆಲಸ, ಯಾರು ಬೇಕಾದರೂ ತಾವು ಕಂಡ ಹಕ್ಕಿಗಳನ್ನು ದಾಖಲಿಸಬಹುದಾದ ಈಬರ್ಡ್ ಎಂಬ ಅಂತರ್ಜಾಲ ತಾಣದ ಮೂಲಕ ಮುಂದುವರಿದಿದೆ. ಆದರೆ ಬಂದ ದಿನವನ್ನು ಗುರುತಿಸುವುದಕ್ಕೂ ಹೋದ ದಿನವನ್ನು ಗುರುತಿಸುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಬಂದದ್ದಕ್ಕೆ ಒಂದು ನೋಟ ಸಾಕು. ಹಕ್ಕಿ ಕಂಡಿತು, ಬರೆದಾಯಿತು. ಹೋಯಿತು ಎಂದು ಬರೆಯಲು ಇವತ್ತು ನೋಡಬೇಕು, ನಾಳೆ ನೋಡಬೇಕು, ನಾಡಿದ್ದೂ ನೋಡಿ, ಇಲ್ಲವೆಂದು ಖಾತ್ರಿಯಾಗಬೇಕು. "ಕಾಣಲಿಲ್ಲ" ಎಂಬುದನ್ನೂ ಬರೆಯಬೇಕು. ಭಾನುವಾರ ಕ್ಯಾಮೆರಾ ಹಿಡಿದು ನಗರದಿಂದ ಬರುವ ಆಸಕ್ತರಿಂದ ಇದು ಆಗದು. ಕೆರೆಯ ದಂಡೆಯಲ್ಲೇ ಇರುವವರಿಂದ ಮಾತ್ರ ಆಗುವ ಕೆಲಸ ಇದು. ನಿಮ್ಮ ಇಲಾಖೆಗಳಿಗೆ ಮಾತ್ರ ಅಂಥ ಜನ ಇದ್ದಾರೆ.

ಒಬ್ಬರೇ ಹಟ ಹಿಡಿದು ಬರೆದರೂ ಅದು ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಒಂದು ಉದಾಹರಣೆ ಓದಿದ್ದೇನೆ. ಇಂಗ್ಲೆಂಡಿನ ನಾರ್ಫಕ್ ಪ್ರಾಂತ್ಯದಲ್ಲಿ ರಾಬರ್ಟ್ ಮಾರ್ಶಮ್ ಎಂಬ ಜಮೀನ್ದಾರ 1736ರಲ್ಲಿ ವಸಂತದ ಗುರುತುಗಳನ್ನು ಬರೆಯಲು ಆರಂಭಿಸಿದ: ಯಾವ ಮರ ಯಾವ ದಿನ ಚಿಗುರಿತು, ಕವಲುಬಾಲದ ಹಕ್ಕಿ ಯಾವ ದಿನ ಕಂಡಿತು. ಅವನ ನಂತರ ಅವನ ವಂಶದವರು 1958ರವರೆಗೆ ಬರೆದರು. ಇಂದು ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ಆ ಮನೆಯ ಪುಸ್ತಕ ಆಧಾರವಾಗಿದೆ. ಕರ್ನಾಟಕದ ರೈತರ ಮನೆಗಳಲ್ಲೂ ಮಳೆ ನಕ್ಷತ್ರದ, ಬಿತ್ತನೆಯ, ಹಕ್ಕಿಯ ಲೆಕ್ಕ ಬರೆದ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿವೆ. ಅವನ್ನು ಕೇಳಿ ಪಡೆದು ನಕಲು ಮಾಡಿಕೊಳ್ಳುವ ಕೆಲಸವನ್ನೂ ಯಾರಾದರೂ ಮಾಡಬೇಕು.

2024ರ ಜನವರಿ 31ರಂದು ಗದಗ ಜಿಲ್ಲೆಯ ಮಾಗಡಿ ಕೆರೆ, ಅಂಕಸಮುದ್ರ ಕೆರೆ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ, ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ನಮ್ಮ ಊರಲ್ಲೂ ಸಿಹಿ ಹಂಚಿದರು. ಐವತ್ತು ಹೆಕ್ಟೇರಿನ ಆಸುಪಾಸಿನ ಒಂದು ಕೆರೆಗೆ ಚಳಿಗಾಲದಲ್ಲಿ ಸಾವಿರಾರು ಹಕ್ಕಿಗಳು ಬರುತ್ತವೆ. ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ದೊಡ್ಡ ತಾಣಗಳಲ್ಲಿ ಅದೂ ಒಂದು. ಮಾಗಡಿ ಕೆರೆಯನ್ನು ಕಟ್ಟಿಸಿದ್ದು ಹಕ್ಕಿಗಳಿಗಾಗಿ ಅಲ್ಲ, ಮಳೆನೀರು ಹಿಡಿದು ನೀರಾವರಿ ಮಾಡಲು. ನಮ್ಮ ಕೆರೆಯೂ ಹಾಗೆಯೇ ಹುಟ್ಟಿದ್ದು. ಆದರೆ 2017ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಜೌಗುಭೂಮಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಹೆಸರು ಮಾಡಿದ ಒಂದು ಕೆರೆಗೆ ಸಂರಕ್ಷಣೆ ಸಿಕ್ಕಿತು. ಅದೇ ಹಕ್ಕಿಗಳು ಹತ್ತು ಮೈಲಿ ಆಚೆಯ ಕೆರೆಗೆ ಹಾರಿ ಕೂತರೆ ಅಲ್ಲಿ ಅವಕ್ಕೆ ಕಾನೂನಿನ ನೆರಳು ತೆಳುವಾಗುತ್ತದೆ. ಹಕ್ಕಿಗಳು ಒಂದೇ ಕೆರೆಗೆ ಅಂಟಿಕೊಂಡಿರುವುದಿಲ್ಲ. ನೀರು, ಮೇವು, ನಿರ್ಭಯ ಮೂರೂ ಎಲ್ಲಿದೆಯೋ ಅಲ್ಲಿಗೆ ಹೋಗುತ್ತವೆ. ಮಾಗಡಿಯನ್ನು ಉಳಿಸಬೇಕೆಂದರೆ ಸುತ್ತಲಿನ ಹೆಸರಿಲ್ಲದ ಕೆರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ತೊಡಕು ತಮ್ಮ ನಾಲ್ಕೂ ಇಲಾಖೆಗಳಿಗೆ ಸೇರಿದ್ದು. ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಕೆರೆ ಸಣ್ಣ ನೀರಾವರಿಯದು, ಕಡಿಮೆ ಇದ್ದರೆ ಪಂಚಾಯತಿಯದು. ಒಳಗಿನ ಮೀನು ಮೀನುಗಾರಿಕೆಯದು. ಮೇಲೆ ಹಾರುವ ಹಕ್ಕಿ ಅರಣ್ಯ ಇಲಾಖೆಯದು. ಅರ್ಜಿ ಹಿಡಿದು ಹೋದವರನ್ನು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಕಳಿಸುತ್ತಾರೆ. ಆ ಓಡಾಟ ಮುಗಿಯುವಷ್ಟರಲ್ಲಿ ಮಾರ್ಚ್ ಮುಗಿದಿರುತ್ತದೆ.

ಆದ್ದರಿಂದ ನನ್ನ ಕೋರಿಕೆ ಇದು. ವಲಸೆ ಹಕ್ಕಿಗಳು ಬರುವ ಪ್ರತಿ ಕೆರೆಗೂ ಒಂದು ದಾಖಲೆ ಪುಸ್ತಕ ಇಡಿಸಿ. ಫೆಬ್ರುವರಿ 1ರಿಂದ ಏಪ್ರಿಲ್ 30ರವರೆಗೆ ಪ್ರತಿದಿನ ಬೆಳಿಗ್ಗೆ ಒಂದು ಸಾಲು ಬರೆಯಬೇಕು: ತಾರೀಖು, ಹಕ್ಕಿ ಇದೆಯೋ ಇಲ್ಲವೋ, ಅಂದಾಜು ಎಷ್ಟು, ನೀರು ಎಲ್ಲಿಯವರೆಗೆ ಇದೆ, ಕೆರೆಯಲ್ಲಿ ಅಂದು ಯಾವ ಕೆಲಸ ನಡೆಯಿತು. ಇದಕ್ಕೆ ವಿಜ್ಞಾನಿ ಬೇಕಿಲ್ಲ. ನೀರಗಂಟಿ ಆಗಬಹುದು, ಪಂಚಾಯತಿಯ ವಾಟರ್‌ಮ್ಯಾನ್ ಆಗಬಹುದು, ದನ ಕಾಯುವ ಹೆಣ್ಣುಮಗಳಾಗಬಹುದು. ಎಣಿಸುವುದು ಹೇಗೆಂದು ಒಂದು ಬೆಳಗಿನಲ್ಲಿ ಕಲಿಸಬಹುದು: ಹೊಲದಿಂದ ಮರಳುವ ಸಾಲಿನಲ್ಲಿ ಮೊದಲ ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ಕಣ್ಣಲ್ಲಿಟ್ಟುಕೊಂಡು, ಉಳಿದ ಸಾಲಿನಲ್ಲಿ ಅಂಥ ಹತ್ತುಗಳು ಎಷ್ಟಿವೆ ಎಂದು ನೋಡುವುದು. ನಾನು ಹಾಗೆಯೇ ಕಲಿತದ್ದು. ಆದರೆ ಆ ಮೂರು ತಿಂಗಳಿಗೆ ಅವರಿಗೆ ಗೌರವಧನ ಕೊಡಬೇಕು. ಪುಕ್ಕಟೆ ಸೇವೆಯೆಂದರೆ ಎರಡನೆಯ ವಾರಕ್ಕೆ ಪುಸ್ತಕ ಖಾಲಿ ಉಳಿಯುತ್ತದೆ.

ಆ ಪುಸ್ತಕದಲ್ಲಿ ಸತತ ಏಳು ದಿನ "ಕಾಣಲಿಲ್ಲ" ಎಂದು ದಾಖಲಾಗುವವರೆಗೆ ಕೆರೆಯೊಳಗೆ ಯಂತ್ರ ಇಳಿಸಬಾರದು, ತೂಬು ತೆಗೆದು ನೀರು ಪೂರ್ತಿ ಖಾಲಿ ಮಾಡಬಾರದು. ಕಾಮಗಾರಿಯ ಆದೇಶದಲ್ಲೇ ಈ ಷರತ್ತು ಸೇರಲಿ. ಪುಸ್ತಕದ ಆ ಪುಟದ ನಕಲು ಬಿಲ್ಲಿನ ಜೊತೆ ಲಗತ್ತಾಗಲಿ. ಹಕ್ಕಿಗಾಗಿ ಕಾದ ಕೆರೆಯ ಅನುದಾನ ಮಾರ್ಚ್ 31ಕ್ಕೆ ಸತ್ತುಹೋಗದೆ ಮುಂದಿನ ವರ್ಷಕ್ಕೆ ಮುಂದುವರಿಯುವಂತೆ ಆರ್ಥಿಕ ಇಲಾಖೆಯೊಂದಿಗೆ ತಾವು ಮಾತನಾಡಬೇಕು. ಇದೊಂದು ಆಗದಿದ್ದರೆ ಉಳಿದ ಯಾವ ಷರತ್ತೂ ನಿಲ್ಲುವುದಿಲ್ಲವೆಂದು ನನ್ನ ಅನುಭವ ಹೇಳುತ್ತದೆ. ಮೀನು ಹಿಡಿಯುವವರನ್ನು ಪೂರ್ತಿ ತಡೆಯಿರಿ ಎಂದು ನಾನು ಹೇಳಲಾರೆ, ಅವರದೂ ಹೊಟ್ಟೆಪಾಡು. ಕೆರೆಯ ಒಂದು ಮಗ್ಗುಲನ್ನು ಆ ವಾರಗಳಲ್ಲಿ ಬಲೆ ಹಾಕದೆ ಬಿಡುವಂತೆ ಗುತ್ತಿಗೆಯಲ್ಲೇ ಬರೆಯಬಹುದು.

ಹಕ್ಕಿಗಳೆಲ್ಲ ಒಂದೇ ದಿನ ಹೊರಡುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಹೆಬ್ಬಾತು ಹೋದ ಮೇಲೂ ಹಳದಿ ಸಿಪಿಲೆಗಳು ದಂಡೆಯ ಹುಲ್ಲಿನಲ್ಲಿ ಬಾಲ ಕುಣಿಸುತ್ತಾ ಏಪ್ರಿಲ್‌ನಲ್ಲೂ ಇರುತ್ತವೆ. ಚಳಿಗಾಲದಲ್ಲಿ ಮಾಸಲಾಗಿದ್ದ ಅವುಗಳ ಎದೆ ಹೊರಡುವ ಹೊತ್ತಿಗೆ ಕುಸುಬೆ ಹೂವಿನಂತೆ ಹಳದಿಯಾಗಿರುತ್ತದೆ. ಗುಲಾಬಿ ಕಬ್ಬಕ್ಕಿಗಳು ಮುತ್ತುಗದ ಹೂವಿಗೆ ಮುತ್ತಿಕೊಂಡು ಮಕರಂದ ಹೀರಿ ಹೊರಡುತ್ತವೆ. ಎಲ್ಲ ಕಡೆ ವಸಂತವೆಂದರೆ ಹೊರಡುವ ಕಾಲವೂ ಅಲ್ಲ. ಕೊಕ್ಕರೆಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಆಗ ಮರಿ ಸಾಕುತ್ತಿರುತ್ತವೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಮಣ್ಣಿನ ದಂಡೆಗೆ ನೀಲಿಬಾಲದ ಕಳ್ಳಿಪೀರಗಳು ಗೂಡು ಕೊರೆಯಲು ಬರುತ್ತವೆ. ಹಾಗಾಗಿ ಇಡೀ ರಾಜ್ಯಕ್ಕೆ ಬೆಂಗಳೂರಿನಿಂದ ಒಂದೇ ತಾರೀಖು ಗೊತ್ತು ಮಾಡಿ ಸುತ್ತೋಲೆ ಕಳಿಸಿದರೆ ಆಗದು. ಆಯಾ ಕೆರೆಯ ಪುಸ್ತಕವೇ ಆಯಾ ಕೆರೆಯ ತಾರೀಖನ್ನು ಹೇಳಬೇಕು.

ಮತ್ತೊಂದು ಮಾತು ಕೊರಳಪಟ್ಟಿಯ ಬಗ್ಗೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಅಕ್ಷರ ಅಂಕಿಗಳಿರುವ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ, ಮೈಸೂರು ಜಿಲ್ಲೆಯ ಹದಿನಾರು ಎಂಬ ಊರಿನ ಕೆರೆಯಲ್ಲೂ, ಕಂಡಿವೆ. ಒಮ್ಮೆ ನಮ್ಮ ಹೊಲದ ಬದುವಿನಿಂದ ಕಲ್ಲೆಸೆತದ ದೂರದಲ್ಲಿ ಅಂಥದೊಂದು ಮೇಯುತ್ತಿತ್ತು. ಹಸಿರು ಪಟ್ಟಿಯ ಮೇಲೆ ಬಿಳಿಯ ಗುರುತು. ಅದು ಕತ್ತು ತಗ್ಗಿಸಿದಾಗ ಒಂದು ಅಕ್ಷರ, ಎತ್ತಿದಾಗ ಇನ್ನೊಂದು ಕಾಣುತ್ತಿತ್ತು. ಓದಲು ನನಗೆ ಅರ್ಧ ಗಂಟೆ ಹಿಡಿಯಿತು. ಓದಿದ್ದನ್ನು ಅಂಗೈ ಮೇಲೆ ಬರೆದುಕೊಂಡೆ. ಆದರೆ ಯಾರಿಗೆ ಹೇಳಬೇಕೆಂದು ತಿಳಿಯಲಿಲ್ಲ. ಪಂಚಾಯತಿಯಲ್ಲಿ ಹೇಳಿದಾಗ ಯಾರೂ ಬರೆದುಕೊಳ್ಳಲಿಲ್ಲ. ಅಷ್ಟು ದೂರದಿಂದ ಬಂದ ಗುರುತು ನಮ್ಮ ಬದುವಿನ ಮೇಲೆಯೇ ಉಳಿದುಹೋಯಿತು. ಪ್ರತಿ ಕೆರೆಯ ಏರಿಯ ಮೇಲೆ ಒಂದು ಫಲಕ ಹಾಕಿಸಿ, ಇಂಥ ಪಟ್ಟಿ ಕಂಡರೆ ಕರೆ ಮಾಡಬೇಕಾದ ಒಂದು ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿ ಬರೆಸಿ. ದಾಖಲೆ ಪುಸ್ತಕದ ವಿವರವೂ ವಾರಕ್ಕೊಮ್ಮೆ ಪಂಚಾಯತಿಯ ಸೂಚನಾ ಫಲಕಕ್ಕೆ ಬರಲಿ, ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲೂ ಸಿಗಲಿ. ಕಪಾಟಿನಲ್ಲಿ ಬೀಗ ಹಾಕಿಟ್ಟ ದಾಖಲೆ ನಮ್ಮ ಊರಿನ ಆ ಬೆಳಿಗ್ಗೆಯನ್ನು ತಡೆಯಲಾರದು.

ಅವು ಹೊರಡುವುದನ್ನು ನಾನು ಪೂರ್ತಿಯಾಗಿ ಕಂಡದ್ದು ಒಂದೇ ಸಲ. ಶೇಂಗಾ ಹೊಲಕ್ಕೆ ರಾತ್ರಿ ಪಾಳಿಯ ವಿದ್ಯುತ್ತಿನಲ್ಲಿ ನೀರು ಬಿಡುತ್ತಿದ್ದೆ. ಒಂದೆರಡು ದಿನಗಳಿಂದ ಅವುಗಳ ಕೂಗಿನಲ್ಲಿ ಏನೋ ಚಡಪಡಿಕೆ ಇತ್ತು. ನಡುರಾತ್ರಿ ದಾಟಿದ ಮೇಲೆ ಕೆರೆಯಿಂದ ಒಂದು ಗುಂಪು ಎದ್ದಿತು. ಹೊಲಗಳ ಕಡೆ ತಿರುಗಲಿಲ್ಲ. ಸುತ್ತುತ್ತಾ, ಸುತ್ತುತ್ತಾ ಮೇಲೇರಿತು. ಕೂಗು ಮೊದಲು ತಲೆಯ ಮೇಲಿತ್ತು, ಆಮೇಲೆ ಊರ ಗುಡಿಯ ಆಚೆ, ಆಮೇಲೆ ಉತ್ತರದಲ್ಲಿ ಎಲ್ಲೋ. ಕೆರೆಯಲ್ಲಿ ಉಳಿದವು ಉತ್ತರ ಕೊಡುತ್ತಿದ್ದವು. ಬೆಳಗಾಗುವ ಮುಂಚೆ ಇನ್ನೂ ಎರಡು ಗುಂಪು ಹೋದವು. ಬೆಳಿಗ್ಗೆ ದಂಡೆಯ ಕೆಸರಿನಲ್ಲಿ ಜಾಲಪಾದದ ಗುರುತುಗಳು ಇನ್ನೂ ಹಸಿಯಾಗಿದ್ದವು. ಮಾವನವರಿಗೆ ಹೋಗಿ ಹೇಳಿದೆ. "ತಾರೀಖು ಬರೆದೆಯಾ?" ಎಂದು ಕೇಳಿದರು.

ಈ ವರ್ಷ ಅವು ಹೊರಡಲು ಇನ್ನು ಕೆಲವೇ ವಾರಗಳಿವೆ. ಹೊಸ ಅನುದಾನ, ಹೊಸ ಯೋಜನೆ ಎಂದು ಕಾಯುವ ಅಗತ್ಯವಿಲ್ಲ. ಈ ವಾರವೇ ಒಂದು ಆದೇಶ ಹೊರಟರೆ ಈ ವಸಂತದ ದಾಖಲೆ ಸಿಗುತ್ತದೆ. ನಮ್ಮ ಪುಸ್ತಕದ ಕಳೆದ ವರ್ಷದ ಪುಟದ ನಕಲನ್ನು ಪತ್ರದ ಜೊತೆ ಲಗತ್ತಿಸಿದ್ದೇನೆ. ಮೂಲ ಪುಸ್ತಕಗಳು ನಮ್ಮ ಮನೆಯಲ್ಲಿವೆ. ತಮ್ಮ ಕಚೇರಿಯಿಂದ ಯಾರೇ ಬಂದರೂ ತೋರಿಸುತ್ತೇನೆ. ಬೆಳಗಿನ ಜಾವ ಬಂದರೆ ಕೆರೆಯನ್ನೂ ತೋರಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕೆರೆಯಂಚಿನ ರೈತ ಮಹಿಳೆ
ಗದಗ ಜಿಲ್ಲೆ

ಲಗತ್ತು: ಲೆಕ್ಕದ ಪುಸ್ತಕದ ಒಂದು ಪುಟ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ.